ಕಾರವಾರದಲ್ಲಿ ಡೆಸ್ಕ್‌ಟಾಪ್ ಬಿಸಿಯಾಗುತ್ತಿದೆ, ಇನ್ನೂ ಎರಡು ಫ್ಯಾನ್ ಹಾಕಿಸಲಾ?

ಈಗಲೇ ಹಾಕಿಸಬೇಡಿ. ಮುಂದೆ ಮೂರು, ಮೇಲೆ ಒಂದು, ಹಿಂದೆ ಒಂದು ಫ್ಯಾನ್ ಇದೆ, ಆದರೂ ಗೇಮ್ ಹಚ್ಚಿದ ಅರ್ಧ ಗಂಟೆಗೆ ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತದೆ ಅಂತ ಬರೆದಿದ್ದೀರಿ. ಐದು ಫ್ಯಾನ್ ಧಾರಾಳ ಆಯ್ತು. ಅವು ಗಾಳಿಯನ್ನು ಯಾವ ಕಡೆ ತಳ್ಳುತ್ತಿವೆ ಅಂತ ಮೊದಲು ನೋಡಿ.

ನಾನಿರುವುದೂ ಕಾರವಾರದಲ್ಲೇ, ಕೋಡಿಬಾಗದಲ್ಲಿ. ನನಗೂ ಇದೇ ಆಗಿತ್ತು. ಒಂದು ಸಂಜೆ ಊದುಬತ್ತಿ ಹಚ್ಚಿ ಕ್ಯಾಬಿನೆಟ್ಟಿನ ಮುಂದಿನ ಜಾಳಿಗೆಯ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಗಬೇಕಿತ್ತು. ನೇರ ನನ್ನ ಮುಖಕ್ಕೇ ಬಂತು. ಜೋಡಿಸಿಕೊಟ್ಟವರು ಮುಂದಿನ ಮೂರೂ ಫ್ಯಾನ್ ಉಲ್ಟಾ ಕೂರಿಸಿದ್ದರು. ಐದೂ ಫ್ಯಾನ್ ಗಾಳಿಯನ್ನು ಹೊರಗೇ ತಳ್ಳುತ್ತಿದ್ದವು, ಒಳಗೆ ಬರುವ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ನುಗ್ಗುತ್ತಿತ್ತು. ಮೂರನ್ನೂ ತಿರುಗಿಸಿ ಹಾಕಿದೆ. ಅದೇ ಗೇಮ್, ಅದೇ ಕೋಣೆ, ಸುಮಾರು ಹತ್ತು ಡಿಗ್ರಿ ಇಳಿಯಿತು.

ಸಾದಾ ಫ್ಯಾನಿನಲ್ಲಿ ಮೋಟರನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಕಡೆ ಇವೆಯೋ ಆ ಕಡೆಯಿಂದ ಗಾಳಿ ಹೊರಬರುತ್ತದೆ. ಈಗ ಚಂದ ಕಾಣಲಿ ಅಂತ ರಿವರ್ಸ್ ಬ್ಲೇಡ್ ಫ್ಯಾನ್‌ಗಳೂ ಬಂದಿವೆ, ಅವುಗಳಲ್ಲಿ ಇದು ತಿರುಗುಮುರುಗು. ಅದಕ್ಕೇ ಕಣ್ಣಳತೆ ಸಾಲದು, ಊದುಬತ್ತಿಯೇ ಬೇಕು.

ಮುಂದಿನಿಂದ ಒಳಗೆ, ಹಿಂದೆ ಮತ್ತು ಮೇಲಿನಿಂದ ಹೊರಗೆ. ಇಷ್ಟಾದರೆ ಸಾಕು. ಮೇಲಿನ ಒಂದೇ ಫ್ಯಾನನ್ನು ಹಿಂಬದಿಯ ತೂತಿಗೆ ಹಾಕಿ. ಮುಂಬದಿಯ ತೂತಿಗೆ ಹಾಕಿದರೆ ಆಗಷ್ಟೇ ಒಳಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರ್ ತನಕ ಹೋಗಲು ಬಿಡದೆ ಮೇಲಕ್ಕೇ ಎಳೆದುಬಿಡುತ್ತದೆ.

ಮೂರು ಒಳಗೆ, ಎರಡು ಹೊರಗೆ ಅನ್ನುವ ಲೆಕ್ಕ ನಮ್ಮ ಕಡಲ ತೀರಕ್ಕೆ ಬಹಳ ಮುಖ್ಯ. ಒಳಬರುವ ಗಾಳಿ ಜಾಸ್ತಿ ಇದ್ದರೆ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದೆಲ್ಲ ಫಿಲ್ಟರ್ ದಾಟಿಯೇ ಬರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ನನ್ನ ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಹಿಂದಿನ ಸ್ಕ್ರೂಗಳ ತಲೆ ಕಂದು ಬಣ್ಣಕ್ಕೆ ತಿರುಗಿತ್ತು. ಫ್ಯಾನ್ ರೆಕ್ಕೆಯ ಅಂಚಿನಲ್ಲಿ ಕೂತ ಧೂಳು ಬೆರಳಿಗೆ ಜಿಗುಟು ಜಿಗುಟು ಅಂಟಿತು. ಉಪ್ಪು, ತೇವ ಎರಡೂ ಸೇರಿದ ಧೂಳು ಅದು. ಬ್ಲೋವರ್‌ಗೆ ಹಾರಲಿಲ್ಲ, ಮೆತ್ತನೆ ಬ್ರಷ್‌ನಿಂದ ಕೆರೆದೇ ತೆಗೆಯಬೇಕಾಯ್ತು. ಅಂದಹಾಗೆ ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮುಂದಿನ ಫಿಲ್ಟರನ್ನು ನಾನು ಹದಿನೈದು ದಿನಕ್ಕೊಮ್ಮೆ ನೀರಲ್ಲಿ ತೊಳೆಯುತ್ತೇನೆ. ಮಳೆಗಾಲದಲ್ಲಿ ಅದು ಒಣಗಲು ಸೀಲಿಂಗ್ ಫ್ಯಾನ್ ಕೆಳಗೆ ಇಡೀ ದಿನ ಬೇಕು. ಪೂರ್ತಿ ಒಣಗದೆ ಹಾಕಲೇಬೇಡಿ.

ಇಲ್ಲಿನ ಸೆಖೆಯೇ ಕಾರಣ ಇರಬಹುದಾ ಅಂತಲೂ ಕೇಳಿದ್ದೀರಿ. ಸೆಖೆ ನಮಗೆ ಅಷ್ಟು ಕಾಡುವುದು ಗಾಳಿಯಲ್ಲಿ ತೇವ ಹೆಚ್ಚಾಗಿ ಬೆವರು ಆರದೇ ಇರುವುದರಿಂದ. ಕಂಪ್ಯೂಟರ್ ಬೆವರುವುದಿಲ್ಲ, ಅದಕ್ಕೆ ಲೆಕ್ಕ ಕೋಣೆಯ ಉಷ್ಣತೆ ಮಾತ್ರ. ಕೋಣೆ 33 ಡಿಗ್ರಿ ಇದ್ದರೆ ಎಷ್ಟೇ ಫ್ಯಾನ್ ಹಾಕಿದರೂ ಒಳಗೆ ಅದಕ್ಕಿಂತ ಕೆಳಗೆ ಇಳಿಯದು, ನಿಜ. ಆದರೆ ಅಷ್ಟಕ್ಕೇ 95 ಆಗಬೇಕಿಲ್ಲ.

ಫ್ಯಾನ್ ದಿಕ್ಕು ಸರಿ ಇದ್ದರೆ ಸೈಡ್ ಪ್ಯಾನೆಲ್ ತೆಗೆದು ಅದೇ ಗೇಮ್ ಅರ್ಧ ಗಂಟೆ ಆಡಿ. ಉಷ್ಣತೆ ಚೆನ್ನಾಗಿ ಇಳಿದರೆ ಗಾಳಿಗೆ ದಾರಿ ಸಾಲುತ್ತಿಲ್ಲ ಅಂತ. ಫಿಲ್ಟರ್ ಕಟ್ಟಿರಬಹುದು, ಅಥವಾ ಕ್ಯಾಬಿನೆಟ್ ಗೋಡೆಗೆ ಅಂಟಿಕೊಂಡಿರಬಹುದು. ಹಿಂದೆ ಒಂದು ಗೇಣಾದರೂ ಜಾಗ ಬಿಡಿ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ತೊಂದರೆ ಪ್ರೊಸೆಸರ್ ಮೇಲಿನ ಕೂಲರ್‌ನಲ್ಲಿದೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಕೂಲರ್ ಸಡಿಲ ಕೂತಿರುತ್ತದೆ, ಇಲ್ಲವೇ ಅದರ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೇ ಕೂರಿಸಿರುತ್ತಾರೆ. ಆಗ ಇನ್ನೂ ಹತ್ತು ಫ್ಯಾನ್ ಹಾಕಿದರೂ ದುಡ್ಡು ದಂಡ. ಪರೀಕ್ಷೆ ಆದ ಮೇಲೆ ಪ್ಯಾನೆಲ್ ಮುಚ್ಚಿಬಿಡಿ. ತೆರೆದಿಟ್ಟರೆ ಉಪ್ಪುಗಾಳಿಯ ಜೊತೆ ಹಲ್ಲಿ, ಇರುವೆಯೂ ಒಳಗೆ ಹೋಗುತ್ತವೆ.

ಪ್ಯಾನೆಲ್ ತೆಗೆದಾಗ ಎಷ್ಟು ಇಳಿಯಿತು, ಕೂಲರ್ ಯಾವುದು, ಎರಡನ್ನೂ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.