ತಟ್ಟೆಯ ಅಂಚಿನ ಕೆಂಪು ಬಣ್ಣ

(ವ್ಯಕ್ತಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ದುಡಿಯುವ 38 ವರ್ಷದ ಗಂಡಸು. ಶ್ವಾಸಕೋಶದ ಕ್ಷಯ. ಎರಡು ತಿಂಗಳು ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಮೂರನೆಯ ತಿಂಗಳಲ್ಲಿ 20 ದಿನ ಮುಟ್ಟಿಯೇ ಇಲ್ಲ. ಆಶಾ ಕಾರ್ಯಕರ್ತೆ ಒತ್ತಾಯದಿಂದ ನನ್ನ ಬಳಿ ಕರೆತಂದಿದ್ದರು.

"ಕೆಮ್ಮು ನಿಂತಿದೆ ಮೇಡಂ, ಮೈಯೂ ತುಂಬಿದೆ. ಇನ್ನು ಮಾತ್ರೆ ಯಾಕೆ?"

ಮಾತ್ರೆ ಬಿಟ್ಟವರೆಲ್ಲ ಮೊದಲು ಹೇಳುವುದು ಇದನ್ನೇ. ಹಾಗಾಗಿ ಮಾತ್ರೆಯ ವಿಷಯ ಬಿಟ್ಟು ಊಟದ ಬಗ್ಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ತನ್ನ ತಟ್ಟೆ, ಲೋಟಗಳ ಅಂಚಿಗೆ ಕೆಂಪು ಉಗುರುಬಣ್ಣ ಹಚ್ಚಿದ್ದಾರೆ ಎಂದರು. ಮಕ್ಕಳು ಮುಟ್ಟದಿರಲಿ ಎಂದು ಹೆಂಡತಿ ಹಚ್ಚಿದ್ದು. ದಿನವೂ ಆ ತಟ್ಟೆ, ಅದರ ಪಕ್ಕದಲ್ಲಿ ಮಾತ್ರೆ. ಮಾತ್ರೆ ನಿಂತರೆ ತಾನು ರೋಗಿಯಲ್ಲ, ತಟ್ಟೆಯೂ ಬೇರೆ ಇರುವುದಿಲ್ಲ ಎಂಬುದು ಅವರ ಲೆಕ್ಕ.

ಮರುದಿನ ಹೆಂಡತಿಯನ್ನೂ ಕರೆಸಿದೆ. ಆಕೆಯನ್ನು ದೂರುವಂತಿಲ್ಲ, "ಹುಷಾರಾಗಿರಿ" ಎಂದವರು ಯಾವುದರಿಂದ ಎಂದು ಹೇಳಿರಲಿಲ್ಲ. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುಗಳಿಂದ, ತಟ್ಟೆ ಲೋಟದಿಂದಲ್ಲ ಎಂದೆ. ಭಟ್ಟಿಯ ಹೊಗೆಗೆ ಹೆದರಿ ಮುಚ್ಚಿಟ್ಟಿದ್ದ ಕಿಟಕಿಯನ್ನು, ಹೊಗೆ ಇಲ್ಲದ ಹೊತ್ತಿನಲ್ಲಾದರೂ ತೆರೆಯಲು ತಿಳಿಸಿದೆ. ಮಕ್ಕಳಿಬ್ಬರಿಗೂ ತಪಾಸಣೆ ಮಾಡಿಸಿ, ರೋಗವಿಲ್ಲವೆಂದು ಖಚಿತವಾದ ಮೇಲೆ ತಡೆಗಟ್ಟುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ ಎಂದೆ.

ಗಂಡನಿಗೆ ಹೇಳಿದ್ದು: ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ 6 ತಿಂಗಳು. ಮೊದಲ 2 ತಿಂಗಳಲ್ಲಿ ಬಹುಪಾಲು ರೋಗಾಣು ಸಾಯುತ್ತವೆ, ಕೆಮ್ಮು ನಿಲ್ಲುವುದು ಅದಕ್ಕೇ. ಅಡಗಿ ಕುಳಿತವಕ್ಕೆ ಉಳಿದ 4 ತಿಂಗಳು ಬೇಕು. ನಡುವೆ ಬಿಟ್ಟರೆ ಅವು ಔಷಧಿಗೆ ಜಗ್ಗದಂತಾಗಬಹುದು. ಉಳಿದ ಮಾತ್ರೆಯನ್ನು ನೀವೇ ಶುರು ಮಾಡಬೇಡಿ, ಕಫ ಮತ್ತೆ ಪರೀಕ್ಷೆಯಾಗಲಿ, ವರದಿ ಬರುವವರೆಗೆ ಮಾಸ್ಕ್ ಇರಲಿ. ಮೂತ್ರ ಕೆಂಪಾಗುವುದು ರಿಫಾಂಪಿಸಿನ್ ಎಂಬ ಕ್ಷಯದ ಔಷಧಿಯಿಂದ, ರಕ್ತವಲ್ಲ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1,000 ರೂಪಾಯಿ ಮೊಟ್ಟೆ, ಶೇಂಗಾಕ್ಕೆ ಹೋಗಲಿ. (ಸಾರಾಯಿ ಅಂಗಡಿಗಲ್ಲ ಎಂದಾಗ ಹೆಂಡತಿ ನಕ್ಕರು, ಅವರು ನಗಲಿಲ್ಲ.)

ವೈದ್ಯರು ಪರೀಕ್ಷೆ ಮಾಡಿಸಿ ಚಿಕಿತ್ಸೆ ಮುಂದುವರಿಸಿದರು. ತಿಂಗಳ ಬಳಿಕ ಬಂದಾಗ ಖಾಲಿ ಮಾತ್ರೆ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ತಟ್ಟೆ ಏನಾಯಿತು ಎಂದೆ. ಬಣ್ಣ ಉಜ್ಜಿದರೂ ಪೂರ್ತಿ ಹೋಗಿಲ್ಲವಂತೆ; ಈಗ ಅದಕ್ಕಾಗಿ ಮಕ್ಕಳಿಬ್ಬರೂ ಜಗಳವಾಡುತ್ತಾರಂತೆ.