5 ಅಡಿ ಫಿಶ್ ಟ್ಯಾಂಕ್‌ಗೆ ಸ್ಟ್ಯಾಂಡ್, ಸಂಪ್ ನಾವೇ ಮಾಡಿಸ್ಕೋಬಹುದಾ?

ನೀವು ಕೇಳಿರೋದು 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕು, ಮನೆ ಮೊದಲನೇ ಮಹಡೀಲಿ, ಅಂಗಡಿಯವ್ರು ರೆಡಿ ಕ್ಯಾಬಿನೆಟ್ ಸಾಕು ಅಂತಿದ್ದಾರೆ, ಸಂಪ್ (ಟ್ಯಾಂಕ್ ಕೆಳಗೆ ಇಟ್ಟು ನೀರು ಸೋಸೋ ಪೆಟ್ಟಿಗೆ) ಎಷ್ಟು ದೊಡ್ಡದಿರ್ಬೇಕು ಅಂತ. ಮೈಸೂರಲ್ಲಿ ನಮ್ಮನೇಲೂ ಇದೇ ಅಳತೆದಿದೆ, ಎರಡು ಆಸ್ಕರ್ ಮೀನು ಇದಾವೆ, ಸ್ಟ್ಯಾಂಡು ಸಂಪು ಎರಡೂ ನಾನೇ ನಿಂತು ಮಾಡ್ಸಿದ್ದು. ಮಾಡಿಸ್ಕೋಬಹುದು, ಆದ್ರೆ ಒಂದ್ಸಲ ಹಾಲ್ ತುಂಬ ನೀರು ಮಾಡ್ಕೊಂಡ ಮೇಲೆ ಗೊತ್ತಾಗಿದ್ದನ್ನೂ ಸೇರಿಸಿ ಹೇಳ್ತೀನಿ.

ಮೊದ್ಲು ತೂಕ. 20 ಘನ ಅಡಿ ಅಂದ್ರೆ ಸುಮಾರು 566 ಲೀಟರ್, ಕಂಠದವರೆಗೆ ತುಂಬಲ್ಲ ಅಂದ್ಕೊಂಡ್ರೂ 500ರ ಮೇಲೆ ನೀರೇ ಆಯ್ತು. 12 ಎಂಎಂ ಗಾಜು ನೂರು ಕೆಜಿ ದಾಟುತ್ತೆ, ಮರಳು ಕಲ್ಲು ಸಂಪು ಸ್ಟ್ಯಾಂಡು ಎಲ್ಲ ಕೂಡಿದ್ರೆ 800 ಕೆಜಿ ಮೇಲೇನೇ, ಹಳೇ ಮಾರುತಿ 800 ಕಾರಿಗಿಂತ ಜಾಸ್ತಿ. ಮನೆ ಸ್ಲ್ಯಾಬ್‌ಗೆ ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಲೆಕ್ಕ ಹಿಡೀತಾರೆ, ನಿಮ್ಮ ಟ್ಯಾಂಕು ಇಷ್ಟೂ ತೂಕ ಹೊತ್ಕೊಂಡು ಒಂದು ಚದರ ಮೀಟರ್‌ಗಿಂತ ಕಮ್ಮಿ ಜಾಗದಲ್ಲಿ ಕೂತ್ಕೊಳ್ಳುತ್ತೆ. ಅದಕ್ಕೆ ಹಾಲ್ ಮಧ್ಯ ಬೇಡವೇ ಬೇಡ, ಕೆಳಗಡೆ ಬೀಮ್ ಇರೋ ಗೋಡೆಗೆ ಒತ್ತಿ ಇಡಿ, ಮನೆ ಕಟ್ಟಿದ ಇಂಜಿನಿಯರ್ ಸಿಕ್ಕಿದ್ರೆ ಒಂದ್ಮಾತು ಕೇಳ್ಬಿಡಿ.

ರೆಡಿ ಕ್ಯಾಬಿನೆಟ್ ಬಹಳಷ್ಟು ಪಾರ್ಟಿಕಲ್ ಬೋರ್ಡ್‌ದು ಇರುತ್ತೆ, ನೀರು ಸಿಡಿದ ಕಡೆ ಊದ್ಕೊಂಡು ಹಪ್ಪಳ ಆಗುತ್ತೆ. ಫ್ಯಾಬ್ರಿಕೇಶನ್ ಅಂಗಡೀಲಿ 2 ಇಂಚು x 2 ಇಂಚು ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪ್‌ದು ವೆಲ್ಡ್ ಮಾಡಿಸಿ, ದಪ್ಪ 2 ಎಂಎಂಗೆ ಕಮ್ಮಿ ಬೇಡ, ಕತ್ತರಿಸಿದ ತುದಿ ನೋಡಿದ್ರೆ ಗೊತ್ತಾಗುತ್ತೆ, ಇಲ್ಲಾಂದ್ರೆ ಕಿಟಕಿ ಗ್ರಿಲ್‌ಗೆ ಹಾಕೋ ತೆಳು ಪೈಪೇ ಹಾಕಿಬಿಡ್ತಾರೆ. ಆರು ಕಾಲು ಬೇಕು. ಇಲ್ಲಿ ನಾನು ಹಠ ಹಿಡಿದಿದ್ದು ಒಂದೇ, ಮೇಲಿನ ಫ್ರೇಮು ಕಾಲುಗಳ ತಲೆ ಮೇಲೆ ಕೂತಿರ್ಬೇಕು, ಕಾಲಿನ ಪಕ್ಕಕ್ಕೆ ಅಂಟಿಸಿ ವೆಲ್ಡ್ ಮಾಡಬಾರ್ದು. ಪಕ್ಕಕ್ಕೆ ಅಂಟಿಸಿದ್ರೆ ಅಷ್ಟೂ ತೂಕ ವೆಲ್ಡಿಂಗ್ ಮೇಲೆ ಜೋತಾಡುತ್ತೆ, ತಲೆ ಮೇಲೆ ಕೂತ್ರೆ ಸೀದಾ ಪೈಪಿಂದ ನೆಲಕ್ಕೆ ಹೋಗುತ್ತೆ. ವೆಲ್ಡರ್ "ಸಾರ್, ಇದ್ರ ಮೇಲೆ ದಸರಾ ಆನೆ ನಿಲ್ಸಿ" ಅಂದ, ಆನೆ ಬೇಡಪ್ಪ ನೀನು ಫ್ರೇಮ್ ಮೇಲಿಡು ಅಂದೆ. ಮುಂದುಗಡೆ ನಡುಗಾಲು ಬಂದ್ಮೇಲೆ ಸಂಪ್ ಒಳಗೆ ಹೋಗಲ್ಲ ಅನ್ನೋದು ಇನ್ನೊಂದು ಫಜೀತಿ, ಪಕ್ಕದಿಂದ ತೂರಿಸೋ ಹಾಗೆ ಒಂದು ಬದಿ ಅಡ್ಡಪೈಪ್ ಇಲ್ಲದೆ ಬಿಡಿಸ್ಕೊಳ್ಳಿ, ಆಮೇಲೆ ಬೇಕಿದ್ರೆ ಅಲ್ಲಿಗೆ ಬೋಲ್ಟ್ ಹಾಕಿ ಪಟ್ಟಿ ಕೊಡಬಹುದು. ಕಾಲಿನ ಕೆಳಗೆ 4 ಇಂಚಿನ ಪ್ಲೇಟು, ರಬ್ಬರ್, ಆಮೇಲೆ ಪ್ರೈಮರ್, ಎರಡು ಕೋಟ್ ಪೇಂಟ್. ಮೇಲೆ 18 ಎಂಎಂ ಮರೈನ್ ಪ್ಲೈ, ಅದ್ರ ಮೇಲೆ ಥರ್ಮಾಕೋಲ್ ಶೀಟ್, ಆಮೇಲೆ ಟ್ಯಾಂಕ್. ಲೆವೆಲ್ ನೋಡೋಕೆ ಗಾರೆಯವ್ರು ಹಿಡಿಯೋ ನೀರಿನ ಟ್ಯೂಬೇ ಸಾಕು.

ಈಗ ಸಂಪ್. ನಾನು ಪ್ಲಂಬರ್‌ಗೆ ಫೋನ್ ಮಾಡಿ ಸಂಪ್ ಮಾಡ್ಬೇಕು ಬನ್ನಿ ಅಂದ್ರೆ ಅವ್ನು "ಎಷ್ಟು ಸಾವಿರ ಲೀಟರ್ದು ಸಾರ್, ಗುಂಡಿ ತೆಗ್ಸಿದೀರಾ" ಅಂದ. ಇದು ಟ್ಯಾಂಕ್ ಕೆಳಗೆ ಇಡೋ ಗಾಜಿನ ಪೆಟ್ಟಿಗೆ ಅಷ್ಟೆ, ಮೇಲಿಂದ ಉಕ್ಕಿದ ನೀರು ಇಳಿದು ಸಾಕ್ಸ್ (ಕಸ ಹಿಡಿಯೋ ಬಟ್ಟೆ ಚೀಲ), ಸ್ಪಂಜು, ಸೆರಾಮಿಕ್ ರಿಂಗ್ ದಾಟ್ಕೊಂಡು ಕೊನೇ ಖಾನೆಗೆ ಬರುತ್ತೆ, ಅಲ್ಲಿಂದ ಪಂಪು ಮೇಲಕ್ಕೆ ತಳ್ಳುತ್ತೆ. ನಂದು 36 ಇಂಚು ಉದ್ದ, 15 ಅಗಲ, 15 ಎತ್ತರ, ಪೂರ್ತಿ ತುಂಬಿದ್ರೆ 130 ಲೀಟರ್ ಚಿಲ್ಲರೆ.

ತಪ್ಪಾಗಿದ್ದು ಇಲ್ಲೇ. ಸಂಪ್ ಅರ್ಧ ತುಂಬಿಸಿದ್ದೆ, ಪಂಪ್ ಆನ್, ಸದ್ದಿಲ್ಲ, ಬಹಳ ಚೆನ್ನಾಗಿದೆ ಅಂತ ಮಲಗ್ದೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯ್ತು. ನೀರು ಕುಡಿಯೋಕೆ ಎದ್ದ ನಮ್ಮಮ್ಮ ಕತ್ತಲಲ್ಲಿ ಪಚ್ ಅಂತ ಕಾಲಿಟ್ಟು ಕೂಗಿದಾಗ್ಲೇ ಎಚ್ಚರ ಆಗಿದ್ದು. ಪಂಪ್ ನಿಂತ್ರೆ ರಿಟರ್ನ್ ಪೈಪು, ಅಂದ್ರೆ ಪಂಪಿಂದ ಟ್ಯಾಂಕಿಗೆ ಹೋಗೋ ಪೈಪು, ಸೈಫನ್ ಆಗಿ ಟ್ಯಾಂಕಿನ ನೀರನ್ನ ಉಲ್ಟಾ ಸಂಪಿಗೆ ಎಳೆಯುತ್ತೆ, ಪೈಪಿನ ಬಾಯಿ ಗಾಳಿಗೆ ಬರೋವರೆಗೂ ನಿಲ್ಲಲ್ಲ. ನಾನು ಆ ಬಾಯಿನ ನೀರಿಂದ 4 ಇಂಚು ಕೆಳಗೆ ಇಟ್ಟಿದ್ದೆ. ಈ ಅಳತೆ ಟ್ಯಾಂಕಲ್ಲಿ 1 ಇಂಚು ನೀರು ಅಂದ್ರೆ ಸುಮಾರು 23 ಲೀಟರ್, ನಾಲ್ಕಕ್ಕೆ 90ರ ಮೇಲಾಯ್ತು, ಸಂಪಲ್ಲಿ ಖಾಲಿ ಇದ್ದಿದ್ದು 65, ಉಳಿದಿದ್ದೆಲ್ಲ ನೆಲಕ್ಕೆ, ಸೋಫಾ ಕೆಳಗೆ, ದಿವಾನದಡಿ ಇದ್ದ ಹಳೇ ಪೇಪರ್ ಕಟ್ಟಿಗೆ.

ಈಗೇನು ಮಾಡಿದೀನಿ ಅಂದ್ರೆ ರಿಟರ್ನ್ ಪೈಪಿಗೆ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ಸಣ್ಣ ತೂತು ಕೊರೆದಿದೀನಿ, ನೀರು ಅಷ್ಟಕ್ಕಿಳಿದ್ರೆ ಗಾಳಿ ಎಳ್ಕೊಂಡು ಸೈಫನ್ ಕಟ್ ಆಗುತ್ತೆ. ಪಾಚಿ ಕಟ್ಕೊಂಡು ಮುಚ್ಚೋಗುತ್ತೆ, ತಿಂಗ್ಳಿಗೊಂದ್ಸಲ ಬೆಂಕಿಕಡ್ಡಿ ಹಾಕಿ ಬಿಡಿಸ್ಬೇಕು. ನಾನ್ ರಿಟರ್ನ್ ವಾಲ್ವ್ (ನೀರು ಉಲ್ಟಾ ಹೋಗದ ಹಾಗೆ ತಡೆಯೋ ವಾಲ್ವ್) ಹಾಕಿ ಸಾಕು ಅಂತ ಯಾರಾದ್ರೂ ಹೇಳ್ತಾರೆ, ನಂಬ್ಕೊಂಡು ಕೂರಬೇಡಿ, ಒಂದು ಸಣ್ಣ ಬಸವನಹುಳು ಒಳಗೆ ಸಿಕ್ಕಿದ್ರೆ ಮುಚ್ಚಲ್ಲ ಅದು.

ಉಲ್ಟಾ ಅಪಾಯನೂ ಇದೆ. ಇಳಿಯೋ ಪೈಪ್ ಎಲೆನೋ ಸತ್ತ ಮೀನೋ ಸಿಕ್ಕಿ ಕಟ್ಕೊಂಡ್ರೆ ಪಂಪು ತನ್ನ ಖಾನೆ ನೀರನ್ನೆಲ್ಲ ಮೇಲಕ್ಕೆ ಹಾಕಿ ಟ್ಯಾಂಕಿಂದ ಚೆಲ್ಲುತ್ತೆ. ಅದಕ್ಕೆ ಪಂಪಿನ ಖಾನೆ ಚಿಕ್ಕದಿರ್ಲಿ, ಅದ್ರಲ್ಲಿರೋ ನೀರು ಟ್ಯಾಂಕ್ ತಲೇಲಿ ಬಿಟ್ಟಿರೋ ಖಾಲಿ ಜಾಗಕ್ಕಿಂತ ಕಮ್ಮಿ ಇರ್ಲಿ, ಜೊತೆಗೆ ಇಳಿಯೋಕೆ ಎರಡು ಪೈಪ್ ಕೊಡಿ, ಒಂದು ಸ್ವಲ್ಪ ಎತ್ತರದಲ್ಲಿ, ಬರೀ ಎಮರ್ಜೆನ್ಸಿಗೆ.

ಈ ಇಳಿಯೋ ಪೈಪ್‌ಗಳಿಗೆ ಟ್ಯಾಂಕಲ್ಲಿ ತೂತು ಕೊರೆಸೋಕೆ ಮುಂಚೆ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಲ್ಲ ಅಂತ ಕೇಳ್ಕೊಳ್ಳಿ, ಟಫನ್ಡ್‌ಗೆ ಡ್ರಿಲ್ ಇಟ್ರೆ ಪುಡಿಪುಡಿ ಆಗುತ್ತೆ. ತೂತಿಗೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಟ್ಯಾಂಕ್ ನಿಪ್ಪಲ್ ನಡೆಯುತ್ತೆ, ವಾಷರ್ ಗಾಜಿನ ಎರಡೂ ಕಡೆ ಸಮ ಕೂರ್ಬೇಕು ಅಷ್ಟೆ. ಸಿಲಿಕಾನ್ ಅಕ್ವೇರಿಯಂದೇ ತಗೊಳ್ಳಿ, ಬಾತ್‌ರೂಮ್‌ದು ಫಂಗಸ್ ಆಗ್ದಿರೋಕೆ ಔಷಧಿ ಸೇರಿಸಿದ್ದು ಇರುತ್ತೆ, ಮೀನಿಗೆ ವಿಷ. ಒಣಗೋಕೆ ಒಂದು ವಾರ ಬಿಡಿ. ಪಂಪ್ ತಗೊಳ್ವಾಗ ಡಬ್ಬದ ಮೇಲಿನ ಲೀಟರ್ ನಂಬಬೇಡಿ, 5 ಅಡಿ ಎತ್ತೋವಾಗ ಅದ್ರಲ್ಲಿ ಎಷ್ಟೋ ಕಮ್ಮಿ ಆಗುತ್ತೆ. ವೈರ್‌ಗಳು ಸಾಕೆಟ್‌ಗಿಂತ ಕೆಳಕ್ಕೆ ಜೋತು ಬಿದ್ದು ಆಮೇಲೆ ಮೇಲೆ ಹೋಗ್ಲಿ, ಹನಿ ಜಾರಿ ಬಂದ್ರೂ ನೆಲಕ್ಕೆ ಬೀಳುತ್ತೆ, ಪ್ಲಗ್ಗಿಗೆ ಹೋಗಲ್ಲ. ಆ ಲೈನ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್ಚು) ಇಲ್ದೆ ನೀರಿಗೆ ಕೈ ಹಾಕಬೇಡಿ.

ಎಲ್ಲ ಕೂಡಿಸಿದ್ಮೇಲೆ ಮೀನು ಬಿಡೋಕೆ ಮುಂಚೆ ಹಗಲೊತ್ತಲ್ಲಿ ನೀವೇ ಪ್ಲಗ್ ಕಿತ್ತು ನೋಡಿ, ಒಂದ್ಸಲ ಅಲ್ಲ ನಾಲ್ಕು ಸಲ. ಸಂಪಲ್ಲಿ ನೀರು ಎಲ್ಲೀವರೆಗೂ ಏರುತ್ತೆ ನೋಡಿ, ಬಾಯಿಂದ 2 ಇಂಚು ಕೆಳಗೇ ನಿಲ್ಲೋ ಹಾಗೆ ನೀರು ಕಮ್ಮಿ ಮಾಡಿ, ಆಮೇಲೆ ಪಂಪ್ ಓಡ್ತಿರುವಾಗ ಎಲ್ಲಿ ನಿಲ್ಲುತ್ತೋ ಅಲ್ಲೊಂದು ಗೆರೆ ಹಾಕಿ, ಅದಕ್ಕಿಂತ ಮೇಲೆ ಯಾರೂ ನೀರು ಹಾಕಬಾರ್ದು. ನಮ್ಮನೆ ಸಂಪಿನ ಗೆರೆ ಮಗಳ ಕೆಂಪು ನೇಲ್ ಪಾಲಿಶ್‌ದು. ಕರೆಂಟ್ ಹೋದಾಗೆಲ್ಲ ನಮ್ಮಮ್ಮ ಮೊದ್ಲು ಟಾರ್ಚ್ ಹಿಡ್ಕೊಂಡು ಬಂದು ನೋಡೋದು ಅಲ್ಲೇ.