ಬಿ.ಕಾಂ. ಮುಗಿಸಿದ್ದೇನೆ, ಎಲ್ಲ ಕಡೆ ರಿಜೆಕ್ಟ್. ಫೈನಾನ್ಸ್‌ನಲ್ಲಿ ಮೊದಲ ಕೆಲಸ ಸಿಗೋದು ಹೇಗೆ?

ಅರ್ಜಿ ಹಾಕೋದನ್ನು ನಿಲ್ಲಿಸಬೇಡಿ. ಆದರೆ ಅದೇ ರೆಸ್ಯೂಮೆಯನ್ನು ಸುಮ್ನೆ ಮತ್ತೆ ಮತ್ತೆ ಕಳಿಸಬೇಡಿ. ಬೇರೆಯವರ ದುಡ್ಡಿನ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೂ ನಷ್ಟ ಕಂಪನಿಗೆ. ಹೊಸಬರನ್ನು ನಂಬೋಕೆ ಡಿಗ್ರಿ ಬಿಟ್ಟು ಅವರಿಗೆ ಬೇರೇನೂ ಸಿಗಲ್ಲ, ಅದಕ್ಕೇ ಬೇಡ ಅನ್ನುತ್ತಾರೆ. ನಂಬಿಕೆಗೆ ಒಂದು ಆಧಾರ ಕೊಡಿ.

ನನ್ನ ಪ್ರಕಾರ ಒಳ್ಳೆಯ ದಾರಿ ನಿಮ್ಮೂರಿನ ಆಡಿಟರ್ ಆಫೀಸು. ಸಂಬಳ ಕಮ್ಮಿ, ನಿಜ. ಆದರೆ ಅಂಗಡಿಯವರ ಬಿಲ್‌ಗಳನ್ನು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕೋದು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋದು, ತಿಂಗಳ ಜಿಎಸ್‌ಟಿ ಲೆಕ್ಕದಲ್ಲಿ ಮಾರಾಟದ ವಿವರವನ್ನು ಮುಂದಿನ ತಿಂಗಳ 11ನೇ ತಾರೀಖಿನೊಳಗೆ, ತೆರಿಗೆಯ 3ಬಿ ಫಾರ್ಮನ್ನು 20ರೊಳಗೆ ಸಲ್ಲಿಸೋದು, ಎಲ್ಲ ಅಲ್ಲಿ ಕೈಗೆ ಹತ್ತುತ್ತದೆ. ಮುಂದಿನ ಇಂಟರ್‌ವ್ಯೂನಲ್ಲಿ "ತಾಳೆ ಆಗದಿದ್ದರೆ ಏನು ಮಾಡ್ತೀರಿ?" ಅಂತ ಕೇಳಿದರೆ, ಕೊಟ್ಟ ಚೆಕ್ ಇನ್ನೂ ಪಾಸಾಗಿರಲಿಲ್ಲ, ಬ್ಯಾಂಕ್ ಚಾರ್ಜ್ ಬರೆದಿರಲಿಲ್ಲ ಅಂತ ನೀವೇ ಹುಡುಕಿ ತೆಗೆದದ್ದನ್ನು ಹೇಳಬಹುದು. ಆಗ ಎದುರಿಗಿರುವವರ ಪ್ರಶ್ನೆಗಳೇ ಬದಲಾಗುತ್ತವೆ.

ಮ್ಯೂಚುವಲ್ ಫಂಡ್ ಕಡೆ ಆಸಕ್ತಿ ಇದ್ದರೆ ಷೇರುಪೇಟೆ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ 5-ಎ ಪರೀಕ್ಷೆ ಬರೆಯಿರಿ. ಫಂಡ್ ಮಾರುವವರಿಗೆ ಅದು ಬೇಕೇ ಬೇಕು.

ಹಿಂದೆ ಬೇಡ ಅಂದವರಿಗೂ ಈ ಅನುಭವ ಸೇರಿಸಿ ಮತ್ತೆ ಅರ್ಜಿ ಹಾಕಿ, ಸಂಕೋಚ ಬೇಡ.